ಐದು ಹರಿಗೋಲುಗಳ ಕೊರತೆ

ಸರ್ಕಾರಿ ನೌಕರಿಯಲ್ಲಿ ಲೆಕ್ಕ ತಪಾಸಣೆಗೆ ಬಂದವರಿಗೆ ನಾನು ಹೇಳುವ ಮೊದಲ ಮಾತು ಇದು: ನಿಮ್ಮನ್ನು ಕಂಡರೆ ಯಾರಿಗೂ ಸಂತೋಷವಾಗುವುದಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಡಾಕ್ಟರು ಬಂದರೆ ರೋಗಿ ಎದ್ದು ಕೂರುತ್ತಾನೆ. ಮಾಸ್ತರರು ಬಂದರೆ ಮಕ್ಕಳು ಎದ್ದು ನಿಲ್ಲುತ್ತಾರೆ. ಆಡಿಟ್‌ನವರು ಬಂದರೆ ಗುಮಾಸ್ತರು ಎದ್ದು ಹೊರಗೆ ಹೋಗುತ್ತಾರೆ. ಕಪಾಟಿನ ಕೀಲಿಕೈ ಇಟ್ಟುಕೊಂಡವರಂತೂ ನಾಲ್ಕು ದಿನ ಊರನ್ನೇ ಬಿಡುತ್ತಾರೆ. ಯಾದಗಿರಿ, ಶಹಾಪುರ, ಸುರಪುರದ ಕಚೇರಿಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಇದೇ ಕೆಲಸ ಮಾಡಿದೆ. ನಾನು ಕಚೇರಿಗೆ ಕಾಲಿಟ್ಟ ದಿನವೇ ತೀರಿಕೊಂಡ ಗುಮಾಸ್ತರ ಅಜ್ಜಿಯರು ಎಷ್ಟೋ. ಒಬ್ಬರ ಅಜ್ಜಿ ಎರಡು ಸಲ ತೀರಿಕೊಂಡರು. ಎರಡನೆಯ ಸಲ ನಾನೇ ನೆನಪಿಸಬೇಕಾಯಿತು.

ಈಚೆಗೆ ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಇದೇ ವಿಭಾಗದಲ್ಲಿ ನೌಕರಿ ಸಿಕ್ಕಿತು. ಪೇಢಾ ಕೊಡಲು ಬಂದವಳು, "ಆಂಟಿ, ಈ ಕೆಲಸ ಖರೇನ ಹ್ಯಾಂಗ ಇರ್ತದ್ರಿ?" ಎಂದು ಕೇಳಿದಳು. ಬಾಯಲ್ಲಿ ಪೇಢಾ ಇದ್ದುದರಿಂದ ಆಗ ಉತ್ತರ ಕೊಡಲಿಲ್ಲ. ಈಗ ಬರೆಯುತ್ತಿದ್ದೇನೆ. ಬಡ್ತಿಗಳ ವಿಷಯ ಇದರಲ್ಲಿ ಇಲ್ಲ. ಅವು ತಡವಾಗಿ ಬಂದವು, ಬಂದಾಗ ನಾನೂ ಪೇಢಾ ಹಂಚಿದೆ, ಅಲ್ಲಿಗೆ ಮುಗಿಯಿತು.

ನಮ್ಮದು ಒಳಗಿನ ತಪಾಸಣೆ. ಹೊರಗಿನವರು ಬಂದು ತಪ್ಪು ಹುಡುಕುವ ಮೊದಲು ಇಲಾಖೆಯೇ ತನ್ನ ಮನೆಯ ಮೂಲೆಗಳನ್ನು ನೋಡಿಕೊಳ್ಳಲು ಇಟ್ಟುಕೊಂಡ ಜನ ನಾವು. ವಹಿಯಲ್ಲಿ ಇದೆ ಎಂದು ಬರೆದದ್ದು ನೆಲದ ಮೇಲೂ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಆಕ್ಷೇಪಣೆ ಬರೆಯಬೇಕು. ಒಂದೊಂದು ಆಕ್ಷೇಪಣೆಗೂ ಒಂದು ನಂಬರು ಇರುತ್ತದೆ, ಅದಕ್ಕೆ ಕಂಡಿಕೆ ಎನ್ನುತ್ತೇವೆ. ಕಚೇರಿಯವರು ಒಪ್ಪುವಂಥ ಉತ್ತರ ಕೊಟ್ಟರೆ ಕಂಡಿಕೆ ಕೈಬಿಡುತ್ತೇವೆ. ಕೊಡದಿದ್ದರೆ ಅದು ಸಂಬಂಧಪಟ್ಟ ನೌಕರನ ಬೆನ್ನಿಗೆ ಅಂಟಿಕೊಂಡು ಅವನು ನಿವೃತ್ತನಾಗುವವರೆಗೂ ಜೊತೆಗೇ ಹೋಗುತ್ತದೆ. ಬರೆಯುವವರಿಗೆ ಅದು ನಾಲ್ಕು ಸಾಲು. ಅಂಟಿಸಿಕೊಂಡವರಿಗೆ ಏನು ಎಂಬುದು ನನಗೆ ತಡವಾಗಿ ಗೊತ್ತಾಯಿತು. ಆ ಕಥೆ ಆಮೇಲೆ ಹೇಳುತ್ತೇನೆ.

ನಾನು ದೋರನಹಳ್ಳಿಯವಳು. ನಮ್ಮವ್ವ ಕಂಡವರ ಹೊಲದಲ್ಲಿ ಹತ್ತಿ ಬಿಡಿಸಿ ನನ್ನನ್ನು ಶಹಾಪುರದ ಕಾಲೇಜಿಗೆ ಕಳಿಸಿದವಳು. ನೌಕರಿ ಸಿಕ್ಕಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ನೆಳ್ಳಾಗ ಕುಂತು ಮಾಡೋ ಕೆಲಸ ಹೌದಿಲ್ಲೋ?" ಹೌದು ಎಂದೆ. ಅದು ಪೂರ್ತಿ ನಿಜವಲ್ಲ ಎಂದು ಮೊದಲ ದಿನವೇ ಭೀಮರಾಯ ಸಾಹೇಬರು ತೋರಿಸಿಕೊಟ್ಟರು.

ಭೀಮರಾಯ ಸಾಹೇಬರು ನನ್ನ ಮೊದಲ ಮೇಲಧಿಕಾರಿ. ಸಣಕಲು ಆಳು, ಉದ್ದ ಕಾಲು. ಯಾವ ಕಚೇರಿಗೆ ಹೋದರೂ ಒಳಗೆ ಕೂರುವ ಮೊದಲು ಕಟ್ಟಡದ ಸುತ್ತ ಒಂದು ಸುತ್ತು ಹಾಕುತ್ತಿದ್ದರು. ಹಿತ್ತಲು, ಉಗ್ರಾಣ, ಮುರಿದ ಕುರ್ಚಿ ಒಗೆದ ಜಾಗ, ಎಲ್ಲ ನೋಡಿ ಬರುತ್ತಿದ್ದರು. ಏಪ್ರಿಲ್ ಬಿಸಿಲಲ್ಲಿ ಅವರ ಹಿಂದೆ ಓಡಿ ನನಗೆ ಸಾಕಾಗಿ, "ಸರ್, ವಹಿ ಒಳಗ ಅದಾವಲ್ರಿ" ಎಂದೆ.

"ವಹಿ ಎಲ್ಲೂ ಓಡಿ ಹೋಗಂಗಿಲ್ಲ ತಂಗಿ. ಓಡಿ ಹೋಗೋದು ಸಾಮಾನು. ಮೊದಲು ಅದನ್ನ ನೋಡು."

ಅವರು ಮನೆಯಿಂದ ಬಟ್ಟೆಯಲ್ಲಿ ಎರಡು ರೊಟ್ಟಿ, ಪುಂಡಿ ಪಲ್ಯ ಕಟ್ಟಿಕೊಂಡು ಬರುತ್ತಿದ್ದರು. ಕಚೇರಿಯವರು ಕೊಟ್ಟ ಊಟ ಮುಟ್ಟುತ್ತಿರಲಿಲ್ಲ. ನನಗೆ ಅದು ದೊಡ್ಡಸ್ತಿಕೆಯಂತೆ ಕಂಡಿತ್ತು. ಶಹಾಪುರದ ಒಂದು ಕಚೇರಿಯಲ್ಲಿ ನಮಗೆಂದು ಹೋಳಿಗೆ ಮಾಡಿಸಿದ್ದರು. ಸಾಹೇಬರು ತಮ್ಮ ರೊಟ್ಟಿ ಬಿಚ್ಚಿದರು, ನಾನು ಮೂರು ಹೋಳಿಗೆ ಉಂಡೆ. ಮೇಲೆ ತುಪ್ಪ, ಮೇಲೆ ಫ್ಯಾನು. ನಗದು ಪುಸ್ತಕದ ಮೇಲೆ ತಲೆ ಇಟ್ಟದ್ದು ನೆನಪಿದೆ. ಎಚ್ಚರವಾದಾಗ ಎದುರಿಗಿದ್ದ ಜವಾನ ನನ್ನ ಮುಖವನ್ನೇ ನೋಡುತ್ತಿದ್ದ.

"ಮೇಡಂ, ನಿಮ್ಮ ಗಲ್ಲದ ಮ್ಯಾಲ ನಮ್ಮ ಆಫೀಸಿನ ಮಾರ್ಚ್ ತಿಂಗಳು ಮೂಡೈತ್ರಿ" ಎಂದ.

ಹಸಿ ಶಾಯಿಯ ಅಂಕಿಗಳು ಕೆನ್ನೆಯ ಮೇಲೆ ತಿರುವುಮುರುವಾಗಿ ಇಳಿದಿದ್ದವು. ಭೀಮರಾಯ ಸಾಹೇಬರು ತಲೆ ಎತ್ತದೆ, "ತೊಳ್ಕೊಳ್ಳೋಕಿಂತ ಮೊದಲು ಕನ್ನಡಿಯೊಳಗ ನೋಡಿ ಟ್ಯಾಲಿ ಮಾಡ್ಕೋ" ಎಂದರು. ಅಂದಿನಿಂದ ನಾನೂ ರೊಟ್ಟಿ ಕಟ್ಟಿಕೊಂಡು ಹೋಗತೊಡಗಿದೆ. ದೊಡ್ಡಸ್ತಿಕೆ ಏನೂ ಇರಲಿಲ್ಲ ಅದರಲ್ಲಿ. ಮಧ್ಯಾಹ್ನ ಎಚ್ಚರ ಇರಬೇಕಲ್ಲ.

ನನ್ನ ಮೊದಲ ಒಳ್ಳೆಯ ಪತ್ತೆ ನನ್ನ ಜಾಣತನದಿಂದ ಆದದ್ದಲ್ಲ, ಸೋರುವ ಪೆನ್ನಿನಿಂದ ಆದದ್ದು. ಎರಡು ವಿದ್ಯಾರ್ಥಿನಿಲಯಗಳ ದಾಸ್ತಾನು ನೋಡಬೇಕಿತ್ತು, ಇವತ್ತು ಒಂದು, ನಾಳೆ ಒಂದು. ಮೊದಲನೆಯದರಲ್ಲಿ ಹಾಸಿಗೆ ಎಣಿಸಿದೆ, ವಹಿಗೆ ಸರಿ ಹೊಂದಿತು. ಹೊಸ ಹಾಸಿಗೆಗಳು, ನೀಲಿ ಗೆರೆ. ಬರೆದುಕೊಳ್ಳುವಾಗ ಪೆನ್ನು ಕಕ್ಕಿಬಿಟ್ಟಿತು. ಹಸಿರು ಶಾಯಿ ಒಂದು ಹಾಸಿಗೆಯ ಮೇಲೆ ಅಂಗೈ ಅಗಲ ಹರಡಿತು. ನನಗೆ ಹೆದರಿಕೆಯಾಗಿ ಆ ಮಗ್ಗುಲು ಕೆಳಗೆ ಬರುವಂತೆ ಹಾಸಿಗೆ ಮಗುಚಿ ಹಾಕಿ ಸುಮ್ಮನೆ ಬಂದೆ. ತಪಾಸಣೆಗೆ ಹೋದವಳೇ ಸರ್ಕಾರಿ ಆಸ್ತಿ ಹಾಳು ಮಾಡಿದ್ದಳಲ್ಲ!

ಮರುದಿನ ಎರಡನೆಯ ನಿಲಯ. ಅಲ್ಲಿಯೂ ನೀಲಿ ಗೆರೆಯ ಹೊಸ ಹಾಸಿಗೆಗಳು, ಅಲ್ಲಿಯೂ ಲೆಕ್ಕ ಸರಿ. ವಾರ್ಡನ್ ಸಾಹೇಬರು ಬಹಳ ಖುಷಿಯಿಂದ ತೋರಿಸುತ್ತಿದ್ದರು. ಸಾಲಿನ ತುದಿಗೆ ಬಂದಾಗ ನನ್ನ ಹಸಿರು ಕಲೆ ಮೇಲ್ಮುಖವಾಗಿ ಮಲಗಿತ್ತು.

ನಾನು ಭೀಮರಾಯ ಸಾಹೇಬರ ಕಿವಿಯಲ್ಲಿ ಹೇಳಿದೆ, ನನ್ನ ತಪ್ಪೂ ಸೇರಿಸಿ. ಅವರು ಹಾಸಿಗೆಯ ಮೇಲೆ ಕೂತು, ಪಕ್ಕದಲ್ಲಿ ಕೈಯಾಡಿಸಿ ವಾರ್ಡನ್‌ರನ್ನು ಕೇಳಿದರು, "ಇವು ಇಲ್ಲಿಯವ ಏನ್ರಿ?"

"ಹೌದ್ರಿ ಸರ್. ಹಾಸಿಗಿ ಹಾಸಿಗಿ ಒಂದ ಥರ ಕಾಣ್ತಾವ್ರಿ."

"ಖರೆ. ಆದ್ರ ಈ ಹಾಸಿಗಿ ನಿನ್ನೆ ನಮ್ಮ ಕೂಡ ಮಾತಾಡಿತ್ರಿ. ಯಾವ ಟ್ರ್ಯಾಕ್ಟರ್‌ದಾಗ ಬಂತು ಅನ್ನೋದಷ್ಟ ಹೇಳ್ಲಿಲ್ಲ."

ವಾರ್ಡನ್‌ರ ಮುಖ ನೋಡಬೇಕಿತ್ತು. ಎರಡು ನಿಲಯಕ್ಕೆ ಸೇರಿ ಒಂದೇ ನಿಲಯದ ಹಾಸಿಗೆ ಖರೀದಿಯಾಗಿತ್ತು. ಉಳಿದ ಹುಡುಗರು ವರ್ಷವಿಡೀ ಚಾಪೆಯ ಮೇಲೆ ಮಲಗಿದ್ದರು. ಒಂದೂವರೆ ತಿಂಗಳಲ್ಲಿ ಉಳಿದರ್ಧ ಹಾಸಿಗೆ ಬಂದವು. ಕಲೆಯ ಹಾಸಿಗೆಯ ಬೆಲೆ ನನ್ನಿಂದ ವಸೂಲು ಮಾಡಬೇಕೇ ಎಂದು ಸಾಹೇಬರು ಒಂದು ವಾರ ನನ್ನನ್ನು ಕಾಡಿಸಿದರು.

ಈಗಿನವರಿಗೆ ಸೋರುವ ಪೆನ್ನು ಇಲ್ಲ. ನಾನು ಸೇರಿದಾಗ ವೋಚರುಗಳನ್ನು ದಬ್ಬಣದಲ್ಲಿ ಚುಚ್ಚಿ ದಾರ ಪೋಣಿಸಿ ಇಡುತ್ತಿದ್ದರು. ಒಂದು ಕಟ್ಟು ಬಿಚ್ಚಿದರೆ ಎರಡು ಜಿರಲೆ, ಒಂದು ಚೇಳು. ನಿವೃತ್ತಳಾಗುವ ಹೊತ್ತಿಗೆ ಎಲ್ಲವೂ ಕಂಪ್ಯೂಟರಿಗೆ ಬಂದಿತ್ತು. ಕಾಮಗಾರಿ ಆಗಿದೆಯೇ ಎಂದು ನೋಡಲು ಬಿಸಿಲಲ್ಲಿ ಹೋಗಬೇಕಾಗಿಲ್ಲ, ಫೋಟೋ ಬರುತ್ತದೆ. ಒಳ್ಳೆಯದೇ. ಆದರೆ ಫೋಟೋವನ್ನೂ ನೋಡಬೇಕು. ಒಮ್ಮೆ ಮೂರು ಬೇರೆ ಊರುಗಳ ಮೂರು ಕೃಷಿ ಹೊಂಡಗಳ ಫೋಟೋ ನನ್ನ ಮುಂದೆ ಬಂದವು. ನೀರು, ದಡ, ಬಬ್ಬುಲಿ ಗಿಡ, ಎಲ್ಲ ಚೆನ್ನಾಗಿತ್ತು. ಮೂರರಲ್ಲೂ ಮೂಲೆಯಲ್ಲಿ ಒಂದು ಮೇಕೆ ನಿಂತಿತ್ತು, ಎಡಗಿವಿ ಹರಿದದ್ದು. ನಾನು ಆಕ್ಷೇಪಣೆಯಲ್ಲಿ ಹೊಂಡದ ಮಾತೇ ಎತ್ತಲಿಲ್ಲ. "ಫೋಟೋದಲ್ಲಿರುವ ಮೇಕೆಯ ವಾಸಸ್ಥಳವನ್ನು ಸ್ಪಷ್ಟಪಡಿಸುವುದು" ಎಂದಷ್ಟೇ ಬರೆದೆ. ಸಂಬಂಧಪಟ್ಟವರು ಉತ್ತರ ಬರೆಯುವ ಬದಲು ಎರಡು ಹೊಂಡ ತೋಡಿಸಿದರು.

ಇಂಥ ಕಥೆಗಳನ್ನು ಹೇಳುತ್ತ ಹೋದರೆ ನಾನು ಬಹಳ ಚುರುಕಾದ ತಪಾಸಣಾಧಿಕಾರಿ ಎಂದು ನಮ್ಮ ಓಣಿಯ ಹುಡುಗಿ ತಿಳಿದುಕೊಂಡಾಳು. ಆದ್ದರಿಂದ ಮೋನಪ್ಪನವರ ವಿಷಯ ಬರೆಯಲೇಬೇಕು.

ನಾನು ಸ್ವತಂತ್ರವಾಗಿ ತಂಡ ಕರೆದುಕೊಂಡು ಹೋಗತೊಡಗಿದ ಹೊಸತು. ಸುರಪುರದಲ್ಲಿ ಪ್ರವಾಹದ ಕಾಲಕ್ಕೆ ಬೇಕಾಗುವ ಸಾಮಾನು ಇಡುವ ಒಂದು ಉಗ್ರಾಣವಿತ್ತು. ಹಗ್ಗ, ತಾಡಪಾಲು, ಕಂದೀಲು, ಹರಿಗೋಲು. ಕೃಷ್ಣೆ ತುಂಬಿ ಬಂದಾಗ ದಂಡೆಯ ಊರುಗಳಿಗೆ ಇವನ್ನು ಕಳಿಸುತ್ತಿದ್ದರು. ಮೋನಪ್ಪ ಅದರ ಉಗ್ರಾಣಪಾಲಕರು. ಗಿಡ್ಡ ಆಳು, ಬಿಳಿ ಟೋಪಿ, ಕೇಳಿದ್ದಕ್ಕಿಂತ ಒಂದು ಶಬ್ದ ಕಡಿಮೆ ಮಾತಾಡುವವರು. ವಹಿಯಲ್ಲಿ ಹನ್ನೆರಡು ಹರಿಗೋಲು ಇದ್ದವು. ಗೋಡೆಗೆ ಒರಗಿಸಿಟ್ಟದ್ದನ್ನು ಎಣಿಸಿದೆ, ಏಳು.

"ಉಳದ ಐದು ಎಲ್ಲಿ ಅದಾವ್ರಿ?"

"ಹೊಳ್ಯಾಗ ಅದಾವ್ರಿ."

"ಹೊಳ್ಯಾಗ ಅಂದ್ರ? ಯಾರಿಗೆ ಕೊಟ್ಟೀರಿ? ರಸೀದಿ ತೋರಸ್ರಿ."

"ರಸೀದಿ ಇಲ್ರಿ. ಹೊಳ್ಯಾಗ ಚೆಂದಾಗಿ ಅದಾವ್ರಿ ಮೇಡಂ."

ನನ್ನನ್ನು ಗೇಲಿ ಮಾಡುತ್ತಿದ್ದಾರೆ ಎನಿಸಿತು. ಹೊಸ ಅಧಿಕಾರ, ಅದರಲ್ಲೂ ಹೆಣ್ಣುಮಗಳು ಎಂದು ಹಗುರವಾಗಿ ಮಾತಾಡಿದರೆ ಬಿಡಬಾರದು ಎಂಬ ಸೊಕ್ಕು ನನಗೂ ಇತ್ತು. ಅಷ್ಟರಲ್ಲಿ ಅಲ್ಲಿಯ ಗುಮಾಸ್ತರೊಬ್ಬರು ಬಂದು, "ಅಂವ ಹೊಳಿ ದಂಡಿ ಊರಾಂವ್ರಿ ಮೇಡಂ. ತನ್ನ ಮಂದಿಗೆ ಮಾರ್ಕೊಂಡಾನ" ಎಂದು ಪಿಸುಗುಟ್ಟಿದರು. ತಿಂಥಣಿಯ ಹೊಳೆ ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯೂ ಅಲ್ಲ. ಆದರೆ ಮೇ ತಿಂಗಳ ಬಿಸಿಲು, ನನ್ನ ಬಸ್ಸು ಐದು ಗಂಟೆಗೆ. ನಾನು ಹೋಗಲಿಲ್ಲ. ಅಲ್ಲೇ ಕೂತು ಬರೆದೆ: ಐದು ಹರಿಗೋಲುಗಳ ಕೊರತೆ ಕಂಡುಬಂದಿದ್ದು, ಅವು ಹೊಳೆಯಲ್ಲಿವೆ ಎಂದು ಉಗ್ರಾಣಪಾಲಕರು ಬೇಜವಾಬ್ದಾರಿಯ ಉತ್ತರ ನೀಡಿರುತ್ತಾರೆ. ಬೇಜವಾಬ್ದಾರಿ ಎಂಬ ಶಬ್ದ ಸಿಕ್ಕಿದ್ದಕ್ಕೆ ಆಗ ನನಗೆ ಖುಷಿಯೂ ಆಗಿತ್ತು.

ಮುಂದೆ ನನಗೆ ಯಾದಗಿರಿಗೆ ವರ್ಗವಾಯಿತು. ಮೋನಪ್ಪ ನಿವೃತ್ತರಾದರು. ಕಂಡಿಕೆ ಬಾಕಿ ಇದ್ದುದರಿಂದ ಅವರಿಗೆ ಬಾಕಿ ಏನೂ ಇಲ್ಲ ಎಂಬ ಬೇಬಾಕಿ ಪತ್ರ ಸಿಗಲಿಲ್ಲ, ಅದಿಲ್ಲದೆ ಪಿಂಚಣಿ ಕಾಗದ ಮುಂದೆ ಹೋಗಲಿಲ್ಲ. ಹದಿನೈದು ದಿನಕ್ಕೊಮ್ಮೆ ನಮ್ಮ ಕಚೇರಿಯ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. "ಏನರೆ ಆತೇನ್ರಿ?" ಎಂದು ಕೇಳುವರು. ಇಲ್ಲ ಎಂದರೆ ಟೋಪಿ ಸರಿ ಮಾಡಿಕೊಂಡು ಹೋಗುವರು. ಒಂದು ದಿನವೂ ಜಗಳಾಡಲಿಲ್ಲ. ಜಗಳಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬರುವ ದಿನ ನಾನು ಬೇರೆ ಕೋಣೆಯಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಹೀಗೆ ಎರಡು ವರ್ಷ.

ಭೀಮರಾಯ ಸಾಹೇಬರು ಆಗ ಯಾದಗಿರಿಯಲ್ಲೇ ಇದ್ದರು, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ಹಳೆಯ ಕಂಡಿಕೆಗಳನ್ನು ತೀರಿಸಿ ಹೋಗಬೇಕೆಂದು ಒಂದೊಂದೇ ಕಡತ ತೆಗೆಸುತ್ತಿದ್ದರು. ಒಂದು ಬೆಳಿಗ್ಗೆ ನನ್ನನ್ನು ಕರೆದರು. ಅವರ ಬೆರಳು ನನ್ನ ಸಾಲಿನ ಮೇಲಿತ್ತು.

"ಇದು ನೀ ಬರದದ್ದು?"

"ಹೌದ್ರಿ ಸರ್."

"ಸಾಮಾನು ಎಲ್ಲಿ ಅದಾವು ಅಂತ ಕೇಳ್ದಿ. ಹೊಳ್ಯಾಗ ಅದಾವು ಅಂದ. ನೀ ಬೇಜವಾಬ್ದಾರಿ ಉತ್ತರ ಅಂತ ಬರದಿ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಂವ ನಿನಗ ವಿಳಾಸ ಕೊಟ್ಟಿದ್ದ ಸುಜಾತಾ. ನೀ ಹೊಳಿಗೆ ಹೋಗಿದ್ದೇನು?"

ಬಸ್ಸಿನ ಹೊತ್ತಾಗಿತ್ತು ಎಂದು ಅವರ ಮುಂದೆ ಹೇಳುವುದು ಹೇಗೆ?

ಮುಂದಿನ ಸಲ ಮೋನಪ್ಪ ಬಂದಾಗ ಬೆಂಚಿನ ಹತ್ತಿರ ನಾನೇ ಹೋದೆ. "ಹೊಳಿಗೆ ಹೋಗೋಣ್ರಿ" ಎಂದೆ. ಅವರು "ಬರ್ರಿ" ಎಂದು ಎದ್ದರು. ಯಾದಗಿರಿಯಿಂದ ಶಹಾಪುರ, ಅಲ್ಲಿಂದ ಸುರಪುರ, ಅಲ್ಲಿಂದ ತಿಂಥಣಿ, ಮೂರು ಬಸ್ಸು. ಸುರಪುರದ ನಿಲ್ದಾಣದಲ್ಲಿ ಅವರು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ನನ್ನ ಕಡೆ ಸರಿಸಿದರು. ನನಗೆ ಕೈ ಏಳಲಿಲ್ಲ. "ಉಣ್ರಿ ಮೇಡಂ. ಆಡಿಟ್‌ನೋರಿಗೂ ಹಸಿವಾಗ್ತದ" ಎಂದರು. ದಾರಿಯಲ್ಲಿ ಅವರು ಆಡಿದ ಮಾತು ಅಷ್ಟೇ.

ತಿಂಥಣಿಯಿಂದ ಮುಂದೆ ದಂಡೆಯಲ್ಲೇ ನಡೆದು ಒಂದು ಸಣ್ಣ ಊರಿಗೆ ಹೋದೆವು, ಮೋನಪ್ಪನವರ ಊರು. ಹೊಳೆಗೆ ಹತ್ತಿದಂತೆ ಮೀನು ಹಿಡಿಯುವವರ ಎಂಟು ಹತ್ತು ಮನೆ. ದಡದ ಮೇಲೆ ಮಗುಚಿ ಹಾಕಿದ ಹರಿಗೋಲುಗಳು, ಎಲ್ಲವಕ್ಕೂ ಡಾಂಬರು ಬಳಿದಿತ್ತು, ಎಲ್ಲವೂ ಒಂದೇ ಬಣ್ಣ. ಬಲೆ ಹೆಣೆಯುತ್ತ ಕೂತಿದ್ದ ಹೆಂಗಸು ನಮ್ಮನ್ನು ಕಂಡು ಎದ್ದಳು. ಹೆಸರು ಹನುಮವ್ವ. ನನ್ನ ಕೈಯಲ್ಲಿದ್ದ ವಹಿ ನೋಡಿ ನನ್ನನ್ನು ಶಾಲೆಯ ಟೀಚರ್ ಎಂದುಕೊಂಡಳು.

"ಬರ್ರಿ ಅಕ್ಕೋರ. ನಮ್ಮ ಮಕ್ಕಳು ದಿನಾ ಸಾಲಿಗೆ ಬರ್ತಾವ್ರಿ."

ನಾನು ಟೀಚರ್ ಅಲ್ಲ, ಸರ್ಕಾರದ ಹರಿಗೋಲು ನೋಡಲು ಬಂದಿದ್ದೇನೆ ಎಂದೆ. ಅವಳ ಮುಖ ಬಾಗಿಲು ಮುಚ್ಚಿದಂತೆ ಮುಚ್ಚಿತು.

"ಸರಕಾರದ್ದು ಇಲ್ಲಿ ಒಂದೂ ಇಲ್ರಿ. ಇವೆಲ್ಲಾ ನಮ್ಮವ. ನಾವ ಹೆಣದದ್ದು."

ನಾನು ಮೋನಪ್ಪನವರ ಕಡೆ ನೋಡಿದೆ. ಈಗಲಾದರೂ ಬಾಯಿ ಬಿಡುತ್ತಾರೆ, ಬೆರಳು ಮಾಡಿ ತೋರಿಸುತ್ತಾರೆ ಎಂದುಕೊಂಡೆ. ಅವರು ಹೊಳೆಯ ಕಡೆ ನೋಡುತ್ತ ನಿಂತಿದ್ದರು. ಒಂದು ಕ್ಷಣ ನನ್ನ ಹಳೆಯ ಸಾಲೇ ಸರಿ ಇರಬೇಕು ಎಂದೂ ಅನಿಸಿತು.

"ನೀವು ಹೇಳ್ರಿ, ಮೋನಪ್ಪನವ್ರ."

"ಆಕಿ ಇಲ್ಲ ಅಂದ್ರ ಇಲ್ರಿ" ಎಂದರು.

ಆಗ ನನಗೆ ತಿಳಿಯಿತು. ಉಗ್ರಾಣದಲ್ಲಿ ನಾನು ಕೇಳಿದ ದಿನ ಅವರು ಹೆಸರು ಹೇಳಿದ್ದರೆ ನನ್ನ ಆಕ್ಷೇಪಣೆ ನೋಟಿಸಾಗಿ ಇದೇ ಮನೆಗಳಿಗೆ ಬರುತ್ತಿತ್ತು, ಹರಿಗೋಲುಗಳು ಗಾಡಿ ಹತ್ತುತ್ತಿದ್ದವು. ಅದಕ್ಕೇ ಅವರು ಹೊಳೆ ಎಂದು ಮಾತ್ರ ಹೇಳಿದ್ದರು. ನಾನು ವಹಿ ಮುಚ್ಚಿ ಚೀಲದಲ್ಲಿ ಹಾಕಿ ಹನುಮವ್ವನ ಎದುರಿಗೆ ಮರಳಿನ ಮೇಲೆ ಕೂತೆ.

"ಯವ್ವಾ, ನಾ ಒಯ್ಯಾಕ ಬಂದಿಲ್ಲ. ನಾ ಒಂದು ತಪ್ಪು ಬರದೀನಿ. ಇವರು ಹರಗೋಲು ಕಳದಾರ ಅಂತ ಬರದೀನಿ. ಅದರ ಸಲುವಾಗಿ ಎರಡು ವರ್ಷದಿಂದ ಇವರಿಗೆ ಪೆನ್ಶನ್ ಇಲ್ಲ."

ಹನುಮವ್ವ ತಿರುಗಿಬಿದ್ದದ್ದು ನನ್ನ ಮೇಲಲ್ಲ, ಮೋನಪ್ಪನವರ ಮೇಲೆ.

"ಯಣ್ಣಾ! ಎರಡು ವರ್ಷ! ಮೊನ್ನೆ ನಮ್ಮ ಮನ್ಯಾಗ ಚಾ ಕುಡದು ಹೋದಿ, ಒಂದು ಮಾತು ಹೇಳಾಕ ಏನಾಗಿತ್ತು ನಿನಗ?"

"ಹೇಳಿದ್ರ ನೀವು ತಂದು ಕೊಡ್ತಿದ್ರಿ" ಎಂದರು ಮೋನಪ್ಪ. "ಹೊಳಿ ಬಂದ್ರ ಏನು ಮಾಡ್ತಿದ್ರಿ?"

ಹೊಳೆ ರಾತ್ರೋರಾತ್ರಿ ಏರುತ್ತದೆ. ಸುರಪುರದ ಉಗ್ರಾಣದ ಬೀಗ ತೆಗೆದು, ಗಾಡಿ ಹೊಂದಿಸಿ, ಹರಿಗೋಲು ತರುವ ಹೊತ್ತಿಗೆ ನಡುಗಡ್ಡೆಯಲ್ಲಿ ದನ ಮೇಯಿಸಲು ಹೋದವರು ಮುಳುಗಿರುತ್ತಾರೆ. ಹಾಗೆಂದು ಮೋನಪ್ಪ ಒಂದು ಬೇಸಿಗೆಯಲ್ಲಿ ಐದನ್ನು ಈ ಮನೆಗಳಿಗೆ ಕೊಟ್ಟುಬಿಟ್ಟಿದ್ದರು. ದಿನಾ ಮೀನಿಗೆ ಬಳಸಿರಿ, ಹೊಳೆ ಬಂದಾಗ ಜನಕ್ಕೆ ಬಳಸಿರಿ ಎಂದು. ಕೊಟ್ಟ ಮೇಲಿನ ಮಳೆಗಾಲದಲ್ಲಿ ಹನುಮವ್ವ ಮತ್ತು ಅವಳ ಗಂಡ ನಡುಗಡ್ಡೆಯಿಂದ ಹನ್ನೊಂದು ಜನರನ್ನು ದಾಟಿಸಿದ್ದರು. ಇದನ್ನು ಅವಳು ಹೇಳಿದ್ದು ಸಂತೆಗೆ ಹೋಗಿ ಬಂದದ್ದನ್ನು ಹೇಳುವಂತೆ. ಯಾರೂ ಅದನ್ನು ಎಲ್ಲಿಯೂ ಬರೆದಿರಲಿಲ್ಲ.

ಹನುಮವ್ವ ಒಳಗಿಂದ ಕುಡಗೋಲು ತಂದಳು. ದಡದ ಮೇಲಿನ ಹರಿಗೋಲು ಒಂದನ್ನು ತಾನೇ ಎತ್ತಿ ಮಗುಚಿ, ಅಂಚಿನಲ್ಲಿ ಒಂದು ಕಡೆ ಡಾಂಬರು ಕೆರೆಯತೊಡಗಿದಳು. ವರ್ಷಾವರ್ಷ ಬಳಿದ ಡಾಂಬರು ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಕೆಳಗೆ ತಂತಿಯಲ್ಲಿ ಬಿಗಿದ ತಗಡಿನ ಬಿಲ್ಲೆ, ಅದರ ಮೇಲೆ ಉಗ್ರಾಣದ ಗುರುತು, ಒಂಬತ್ತನೆಯ ನಂಬರು. ಅವಳು ಓಣಿಗೆ ಕೇಳುವಂತೆ ಕೂಗಿದಳು. ಮನೆಮನೆಯಿಂದ ಹರಿಗೋಲುಗಳು ತಲೆಯ ಮೇಲೆ ಬಂದವು. ಹತ್ತು, ಎಂಟು, ಹನ್ನೆರಡು. ಹನ್ನೊಂದನೆಯದಕ್ಕೆ ತಳವೇ ಇರಲಿಲ್ಲ. ಒಬ್ಬ ಅಜ್ಜ ಅದನ್ನು ಕೋಳಿಮರಿಗಳ ಮೇಲೆ ಕವುಚಿಟ್ಟಿದ್ದ. "ಇದನ್ನೂ ಲೆಕ್ಕಕ್ಕ ಹಿಡೀರಿ ಅಕ್ಕೋರ, ಮರಿ ಬ್ಯಾಡ್ರಿ" ಎಂದ. ಹಿಡಿದೆ. ನನ್ನ ಇಡೀ ನೌಕರಿಯಲ್ಲಿ ಅಷ್ಟು ಎಚ್ಚರಿಕೆಯಿಂದ ಐದರವರೆಗೆ ಎಂದೂ ಎಣಿಸಿರಲಿಲ್ಲ.

ಸಾಮಾನು ಸಿಕ್ಕಿತು, ಇನ್ನು ಕಾಗದದ ಕೆಲಸ. ಕಲಬುರಗಿಯಲ್ಲಿ ಕೂರುವ ಮೇಲಿನ ಸಾಹೇಬರಿಗೆ ಹೇಳಿದೆ. ಒಳ್ಳೆಯ ಮನುಷ್ಯರೇ. ಒಂದು ಸುಲಭ ದಾರಿ ತೋರಿಸಿದರು. "ಕೊರತೆಯಾಗಿದ್ದ ಐದು ಹರಿಗೋಲುಗಳನ್ನು ಮರಳಿ ಹಾಜರುಪಡಿಸಿದ್ದಾರೆ, ಕಂಡಿಕೆ ಕೈಬಿಟ್ಟಿದೆ ಅಂತ ಒಂದು ಸಾಲು ಬರೀರಿ. ಅವ್ರಿಗೆ ಪೆನ್ಶನ್ ಬರ್ತದ, ನಿಮ್ಮ ತಪ್ಪೂ ಕಾಣಂಗಿಲ್ಲ. ಆಡಿಟ್‌ನೋರು ತಪ್ಪು ಒಪ್ಕೊಂಡ್ರ ನಾಳೆ ಎಲ್ಲಾರೂ ನಮಗ ಹೊಳಿ ತೋರಸ್ತಾರ."

ಸುಳ್ಳು ಹೇಳಬಾರದು, ನನಗೆ ಹಾಯೆನಿಸಿತು. ಆ ಸಾಲು ಟೈಪು ಮಾಡಿಸಿ, ಸಹಿ ಹಾಕುವ ಮೊದಲು ಮೋನಪ್ಪನವರಿಗೆ ಖುಷಿಯಿಂದ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಮರಳಿ ಅಂತ ಐತಲ್ರಿ ಮೇಡಂ."

"ಹೌದ್ರಿ."

"ಮರಳಿ ಅಂದ್ರ, ನಾ ಒಯ್ದಿದ್ದೆ, ಈಗ ತಂದು ಕೊಟ್ಟೆ ಅಂದಂಗ ಆತಲ್ರಿ." ಕಾಗದವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. "ಪೆನ್ಶನ್ ಬರ್ಲಿ ಬಿಡ್ಲಿ. ಈ ಶಬ್ದ ಬ್ಯಾಡ್ರಿ."

ಎರಡು ವರ್ಷ ಬೆಂಚಿನ ಮೇಲೆ ಕೂತ ಮನುಷ್ಯ ಮೂರಕ್ಷರದ ಒಂದು ಶಬ್ದಕ್ಕಾಗಿ ಇನ್ನೂ ಕೂರಲು ತಯಾರಿದ್ದರು. ನಾನು ಆ ಹಾಳೆ ಹರಿದೆ. ಹೊಸ ಹಾಳೆಯಲ್ಲಿ ಕೈಯಿಂದಲೇ ಬರೆದೆ: "ಸದರಿ ಐದು ಹರಿಗೋಲುಗಳು ಎಂದೂ ಕಳೆದಿರಲಿಲ್ಲ. ಅವು ಬೇಕಾದ ಸ್ಥಳದಲ್ಲಿಯೇ ಇದ್ದವು. ತಪಾಸಣಾಧಿಕಾರಿಯು ಸ್ಥಳಕ್ಕೆ ಹೋಗದೆ ಕೊರತೆ ಎಂದು ಬರೆದದ್ದು ತಪ್ಪು. ರಸೀದಿ ಪಡೆಯದೆ ಇದ್ದದ್ದು ಕ್ರಮದ ಲೋಪ ಮಾತ್ರ. ಉಗ್ರಾಣಪಾಲಕರ ಪ್ರಾಮಾಣಿಕತೆಯಲ್ಲಿ ಯಾವ ಸಂಶಯವೂ ಇಲ್ಲ." ಹರಿಗೋಲುಗಳನ್ನು ರಸೀದಿ ಪಡೆದು ಆ ಮನೆಗಳಲ್ಲೇ ಇಡುವುದು ಒಳ್ಳೆಯದು ಎಂದೂ ಸೇರಿಸಿದೆ. ರಸೀದಿಯ ಸಾಲು ಓದಿ ಮೋನಪ್ಪ, "ಇದು ಖರೆ ಐತ್ರಿ. ಇದು ಇರ್ಲಿ" ಎಂದರು.

ಭೀಮರಾಯ ಸಾಹೇಬರು ಓದಿ, ನನ್ನ ಸಹಿಯ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು. "ಮೆಮೊ ಬಂದ್ರ ಇಬ್ಬರಿಗೂ ಬರ್ಲಿ. ನನಗ ಇನ್ನ ಎಷ್ಟು ದಿನದ ನೌಕರಿ?" ಎಂದರು. ಮೆಮೊ ಬಂತು, ಇಬ್ಬರಿಗೂ. ಇನ್ನು ಮುಂದೆ ಎಚ್ಚರಿಕೆಯಿಂದ ಇರತಕ್ಕದ್ದು ಎಂದಿತ್ತು. ನಾನು ಇದ್ದೆ. ಅದಾದ ಮೇಲೆ ಹೋಗಿ ನೋಡದ ಸಾಮಾನಿನ ಮೇಲೆ ಒಂದು ಸಾಲೂ ಬರೆಯಲಿಲ್ಲ, ಫೋಟೋ ಬಂದ ಕಾಲದಲ್ಲೂ ಸಂಶಯವಿದ್ದಲ್ಲಿಗೆ ಬಸ್ಸು ಹತ್ತಿದೆ.

ಮೂರು ತಿಂಗಳಿಗೆ ಪಿಂಚಣಿ ಆದೇಶ ಬಂತು, ಜೊತೆಗೆ ನನ್ನ ಕಂಡಿಕೆ ಕೈಬಿಟ್ಟ ಪತ್ರದ ಪ್ರತಿ. ಮೋನಪ್ಪ ಯಾದಗಿರಿಗೆ ಬಂದು, "ನಮ್ಮೂರಿಗೆ ಬಂದು ಒಮ್ಮೆ ಓದಿ ಹೋಗ್ರಿ ಮೇಡಂ" ಎಂದರು.

"ನಿಮಗ ಓದಾಕ ಬರ್ತದಲ್ರಿ."

"ನಾ ಓದಿದ್ರ ನಾ ಹೇಳ್ದಂಗ ಆಗ್ತದ. ಬರದವರ ಬಾಯಿಲೆ ಕೇಳಬೇಕ್ರಿ ಮಂದಿ."

ಒಂದು ಭಾನುವಾರ ಹೋದೆ. ಹೊಳೆಯ ದಂಡೆಯಲ್ಲಿ ಆ ಹತ್ತು ಮನೆಯವರು, ಊರೊಳಗಿನ ಇಪ್ಪತ್ತು ಮೂವತ್ತು ಜನ ಸೇರಿದ್ದರು. ನಿಂತು ಓದಿದೆ. ಸರ್ಕಾರಿ ಕನ್ನಡ ಗಟ್ಟಿಯಾಗಿ ಓದುವುದಕ್ಕೆ ಬರೆದದ್ದಲ್ಲ. ಸದರಿ, ಕ್ರಮದ ಲೋಪ ಎನ್ನುವಾಗ ನಾಲಿಗೆ ತಡವರಿಸಿತು. "ಬರೆದದ್ದು ತಪ್ಪು" ಎಂಬಲ್ಲಿ ಯಾರೋ "ಇನ್ನೊಮ್ಮೆ ಓದ್ರಿ" ಎಂದರು. ಇನ್ನೊಮ್ಮೆ ಓದಿದೆ.

ಮುಗಿದ ಮೇಲೆ ಹನುಮವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು, "ಇಷ್ಟ ಬರಿಯಾಕ ಎರಡು ವರ್ಷ ಬೇಕಾತೇನ್ರಿ ಅಕ್ಕೋರ?"

ಎಲ್ಲರೂ ನಕ್ಕರು. ಮೋನಪ್ಪನವರೂ ನಕ್ಕರು, ಅವರ ಹಲ್ಲು ನಾನು ನೋಡಿದ್ದು ಅಂದೇ ಮೊದಲು.

"ಬರಿಯಾಕ ಅರ್ಧ ತಾಸು ಹಿಡೀತವ್ವ. ಇಲ್ಲಿಗೆ ಬರಾಕ ಎರಡು ವರ್ಷ ಹಿಡೀತು" ಎಂದೆ.

ಮೋನಪ್ಪ ಪತ್ರವನ್ನು ನಾಲ್ಕು ಮಡಿಕೆ ಮಾಡಿ, ಟೋಪಿ ತೆಗೆದು ಅದರೊಳಗಿಟ್ಟು ತಲೆಗೆ ಹಾಕಿಕೊಂಡರು. ಜನ ಚದುರಿದ ಮೇಲೆ ಹನುಮವ್ವ ನನ್ನ ಹತ್ತಿರ ಬಂದು ದನಿ ಇಳಿಸಿ ಹೇಳಿದಳು. ಎರಡು ವರ್ಷದಿಂದ ಆ ಮನುಷ್ಯ ಊರ ಬಾಗಿಲಾದ ಅಗಸಿಯ ಕಟ್ಟೆಯ ಮುಂದೆ ಹಾಯ್ದಿರಲಿಲ್ಲವಂತೆ. ಅಲ್ಲಿ ಕೂತವರು ಹರಗೋಲು ಕಳ್ಳ ಬಂದ ಎನ್ನುತ್ತಿದ್ದರಂತೆ. ಮನೆಗೆ ಹೋಗಬೇಕಾದರೆ ಹೊಲದ ಬದುವಿನಿಂದ ಸುತ್ತು ಹಾಕಿಕೊಂಡು ಹೋಗುತ್ತಿದ್ದರಂತೆ. ಇದೆಲ್ಲ ಅವಳಿಗೂ ನಾನು ಮೊದಲ ಸಲ ಬಂದು ಹೋದ ಮೇಲೆಯೇ ಗೊತ್ತಾದದ್ದಂತೆ.

ಆ ದಿನ ಅವರು ನನ್ನನ್ನು ಬಸ್ಸಿಗೆ ಬಿಡಲು ಅಗಸಿಯೊಳಗಿಂದಲೇ ಕರೆದುಕೊಂಡು ಹೋದರು. ಕಟ್ಟೆಯ ಮೇಲೆ ನಾಲ್ಕೈದು ಜನ ಕೂತಿದ್ದರು. ಒಬ್ಬರು ಸರಿದು ಜಾಗ ಮಾಡಿದರು. ಮೋನಪ್ಪ, "ನೀವು ಮುಂದ ನಡೀರಿ ಮೇಡಂ, ಬಸ್ಸು ಇಲ್ಲಿಗೆ ಕಾಣ್ತದ" ಎಂದು ಅವರ ನಡುವೆ ಕೂತರು. ರಸ್ತೆಯ ಆಚೆ ಬೇವಿನ ಗಿಡದ ಕೆಳಗೆ ನಾನು ಮುಕ್ಕಾಲು ಗಂಟೆ ಕಾದೆ. ಬಸ್ಸು ಬಂದಾಗಲೂ ಅವರು ಅಲ್ಲೇ ಇದ್ದರು, ಕಾಲು ಇಳಿಬಿಟ್ಟು, ಕೈ ಆಡಿಸುತ್ತ, ಯಾರಿಗೋ ಏನೋ ಹೇಳುತ್ತ.